ಡಿಸ್ಚಾರ್ಜ್ ಆಗೋ ಮೊದಲು ಮಗುವಿನ ಹಿಮ್ಮಡಿ ರಕ್ತದ ಪರೀಕ್ಷೆ ಮಾಡಿಸಿ

ದಾವಣಗೆರೆಯಲ್ಲಿ ಹೆರಿಗೆ, ಹೊಳಲ್ಕೆರೆ ಕಡೆ ಹಳ್ಳಿಯಲ್ಲಿ ಬಾಣಂತನ. ನಮ್ಮಲ್ಲಿ ಇದು ಮಾಮೂಲು. ಮರುದಿನವೇ ಕಾರು ಕರೆಸಿಬಿಡುತ್ತೇವೆ. ಹೊರಡೋ ಮೊದಲು ಮಕ್ಕಳ ಡಾಕ್ಟರ್ ಹತ್ತಿರ "ನ್ಯೂಬಾರ್ನ್ ಸ್ಕ್ರೀನಿಂಗ್ ಮಾಡಿಸಬೇಕು" ಅಂತ ಬಾಯಿಬಿಟ್ಟು ಕೇಳಿ. ಅಂದರೆ ಹಿಮ್ಮಡಿ ಚುಚ್ಚಿ ಕೆಲವು ಹನಿ ರಕ್ತವನ್ನು ಕಾಗದದ ಕಾರ್ಡಿಗೆ ತೆಗೆದು, ಹೊರಗೆ ಕಾಣದ ಕಾಯಿಲೆ ಇದೆಯಾ ಅಂತ ನೋಡುವ ಪರೀಕ್ಷೆ. ಎಲ್ಲ ಕಡೆ ತಾವಾಗಿ ಮಾಡುವುದಿಲ್ಲ.

"ಮಗು ಚೆನ್ನಾಗಿದೆಯಲ್ಲ, ಸುಮ್ನೆ ಯಾಕೆ ಚುಚ್ಚಿಸ್ತೀಯ?" ಅಂತ ಅಜ್ಜಿ ಕೇಳಿಯೇ ಕೇಳುತ್ತಾರೆ. ಥೈರಾಯ್ಡ್ ಕಡಿಮೆ ಇರುವ ಮಗುವೂ ಹುಟ್ಟಿದಾಗ ಚೆನ್ನಾಗೇ ಕಾಣುತ್ತದೆ. ಅಳು ಕಮ್ಮಿ, ನಿದ್ದೆ ಜಾಸ್ತಿ. "ಎಷ್ಟು ಸಾಧು ಕೂಸು" ಅಂತ ಮನೆಯವರೆಲ್ಲ ಹೊಗಳುತ್ತಿರುವಾಗಲೇ ಒಳಗೆ ಮೆದುಳಿನ ಬೆಳವಣಿಗೆ ಕುಂಠಿತವಾಗುತ್ತಿರುತ್ತದೆ. ಎರಡು ವಾರದೊಳಗೆ ಥೈರಾಕ್ಸಿನ್ ಮಾತ್ರೆ ಪುಡಿ ಮಾಡಿ ಒಂದು ಚಮಚ ಎದೆಹಾಲಲ್ಲಿ ಕೊಡೋಕೆ ಶುರು ಮಾಡಿದರೆ ಸಾಮಾನ್ಯವಾಗಿ ಎಲ್ಲ ಮಕ್ಕಳ ಹಾಗೇ ಬೆಳೆಯುತ್ತದೆ. ಇದು ಎಲ್ಲ ಸಲವೂ ವಂಶದಿಂದ ಬರುವುದಲ್ಲ. ಆದರೆ ಅದೇ ಕಾರ್ಡಿನ ರಕ್ತದಲ್ಲಿ ವಂಶದ ಕಾಯಿಲೆಗಳೂ ಸಿಗುತ್ತವೆ. ಗ್ಯಾಲಕ್ಟೋಸೀಮಿಯಾ ಇದ್ದರೆ ಹಾಲಿನ ಸಕ್ಕರೆಯೇ ಮಗುವಿಗೆ ವಿಷ, ಎದೆಹಾಲೂ ಆಗುವುದಿಲ್ಲ. ಬಯೋಟಿನಿಡೇಸ್ ಅನ್ನೋ ಕಿಣ್ವದ ಕೊರತೆಗೆ ದಿನಾ ಬಯೋಟಿನ್ ವಿಟಮಿನ್ ಕೊಡಬೇಕು, ಅಷ್ಟೇ.

ಸೋದರಮಾವನನ್ನೇ ಮದುವೆಯಾದವರು ನಮ್ಮ ಕಡೆ ಕಡಿಮೆಯೇನಿಲ್ಲ, ನಾನೂ ಅವರಲ್ಲಿ ಒಬ್ಬಳು. ಇಂಥ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷದ ಜೀನ್ ಇರಬೇಕು. ಹಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಳಸಂಬಂಧದಲ್ಲಿ ಇದು ಕೂಡಿಬರುವುದು ಜಾಸ್ತಿ. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ಮೊದಲು ಕಾರಣ ಗೊತ್ತಾಗದೆ ಒಂದು ಮಗು ಹೋಗಿದ್ದರೆ ಅದನ್ನೂ ಹೇಳಿ.

ರಕ್ತ ಕೊಡಬೇಕಾದ್ದು ಹುಟ್ಟಿದ 48ರಿಂದ 72 ಗಂಟೆಯೊಳಗೆ. ಮೊದಲ ದಿನ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆಯಲ್ಲಿ ಅಳೆಯುವ ಹಾರ್ಮೋನ್) ತಾನಾಗೇ ಏರಿರುತ್ತದೆ, ಸುಮ್ನೆ ಗಾಬರಿ. ಕೆಲವು ಕಾಯಿಲೆ ಮಗು ಹಾಲು ಕುಡಿದ ಮೇಲೇ ಗೊತ್ತಾಗುವುದು. 24 ಗಂಟೆಯೊಳಗೇ ಹೊರಡಲೇಬೇಕಾದರೆ ಆಗ ಒಂದು ಸಲ ಕೊಟ್ಟು, ಮತ್ತೆ ಬಂದು ಇನ್ನೊಂದು ಸಲ ಕೊಡಿ. ಮಗುವಿಗೆ ರಕ್ತ ಹಾಕುವುದಿದ್ದರೆ ಅದಕ್ಕೂ ಮೊದಲೇ ಸ್ಯಾಂಪಲ್ ತೆಗೆಸಿ.

ಹಿಮ್ಮಡಿಯ ಪಕ್ಕಕ್ಕೆ ಚುಚ್ಚುತ್ತಾರೆ. ಬೆಚ್ಚಗಿನ ಬಟ್ಟೆ ಸುತ್ತಿಟ್ಟರೆ ರಕ್ತ ಸಲೀಸಾಗಿ ಬರುತ್ತದೆ. ಮೊದಲ ಹನಿ ಒರೆಸಿ, ಆಮೇಲಿನ ದೊಡ್ಡ ಹನಿಯನ್ನು ಕಾರ್ಡಿನ ವೃತ್ತಕ್ಕೆ ತಾಗಿಸುತ್ತಾರೆ. ಅದು ಹಿಂಬದಿಗೂ ಇಳಿದು ಕಾಣಬೇಕು. ಹನಿ ಮೇಲೆ ಹನಿ ಹಾಕಿದರೆ ಕಾರ್ಡ್ ಕೆಟ್ಟಂತೆ. ಆಮೇಲೆ ಮೂರ್ನಾಲ್ಕು ಗಂಟೆ ನೆರಳಲ್ಲಿ ಒಣಗಬೇಕು. ಚಿತ್ರದುರ್ಗದ ಬಿಸಿಲಲ್ಲಿ ಐದೇ ನಿಮಿಷಕ್ಕೆ ಒಣಗುತ್ತೆ ಅಂತ ಕಿಟಕಿ ಮೇಲಿಡಬಾರದು, ಅಲ್ವಾ?

ಲ್ಯಾಬಿನವರು ಕರೆಯೋಕೆ ಅಂತ ಬರೆಸುವ ಫೋನ್ ನಂಬರ್ ವಿಷಯದಲ್ಲಿ ಎಡವಿದ್ದು ನಾವೇ. ತಂಗಿ ಮಗಳ ಹೆರಿಗೆಯಲ್ಲಿ ಅಳಿಯನ ನಂಬರ್ ಬರೆಸಿದ್ದೆವು. ಆತನಿಗೆ ರಾತ್ರಿ ಪಾಳಿ, ಹಗಲು ಫೋನ್ ಸೈಲೆಂಟ್. ಇನ್ನೊಂದು ಸ್ಯಾಂಪಲ್ ಬೇಕು ಅಂತ ಲ್ಯಾಬಿನವರು ನಾಲ್ಕು ದಿನ ಒಂದೇ ಸಮ ಫೋನ್ ಮಾಡಿದ್ದಾರೆ! ಪುಣ್ಯಕ್ಕೆ ಏನೂ ಇರಲಿಲ್ಲ. ನೀವು ಬಾಣಂತನ ಮಾಡುವ ಮನೆಯ ನಂಬರನ್ನೂ ಬರೆಸಿ.

ಮತ್ತೆ ಕರೆದರೆ ಕಾಯಿಲೆ ಇದೆ ಅಂತಲ್ಲ, ಖಚಿತ ಮಾಡಿಕೊಳ್ಳೋಕೆ ಬೇರೆ ಪರೀಕ್ಷೆ ಇದೆ. ಆದರೆ ಅವತ್ತೇ ಹೊರಡಿ, ಹನ್ನೊಂದು ದಿನ ಕಳೆಯಲಿ ಅನ್ನಬೇಡಿ. ನೀವಾಗೇ ಎದೆಹಾಲು ನಿಲ್ಲಿಸಲೂಬೇಡಿ. ರಿಪೋರ್ಟ್ ನಾರ್ಮಲ್ ಇದ್ದರೂ ಮಗು ಹಾಲು ಬಿಟ್ಟರೆ, ಪದೇ ಪದೇ ವಾಂತಿ ಮಾಡಿದರೆ, ಫಿಟ್ಸ್ ಬಂದರೆ, ಉಚ್ಚೆ ಸುಟ್ಟ ಸಕ್ಕರೆಯಂತೆ ವಾಸನೆ ಬಂದರೆ ಆಸ್ಪತ್ರೆಗೆ ಓಡಿ. ಹೋಗುವಾಗ ತಾಯಿ ಕಾರ್ಡಿನ ಜೊತೆ ಈ ರಿಪೋರ್ಟೂ ಕೈಯಲ್ಲಿರಲಿ.