ಸ್ಪೋರ್ಟ್ಸ್ ಕಾರಿಗೆ ಕಡಿಮೆ ಖರ್ಚಿನ ಮಡ್ ಫ್ಲ್ಯಾಪ್: ನಾನು ಕೂರಿಸಿದ ಬಗೆ

ಬಾನೆಟ್ ಮತ್ತು ಬಂಪರ್‌ಗೆ ಬಡಿಯುವ ಕಲ್ಲು ಮುಂದೆ ಹೋಗುವ ವಾಹನದ್ದು, ಅದನ್ನು ಮಡ್ ಫ್ಲ್ಯಾಪ್ ತಡೆಯುವುದಿಲ್ಲ. ಆದರೆ ಬಾಗಿಲಿನ ಕೆಳಗಿನ ಸಿಲ್ ಮತ್ತು ಹಿಂದಿನ ಚಕ್ರದ ಮುಂದಿರುವ ಬಾಡಿಯ ಉಬ್ಬು ಹಾಳಾಗುವುದು ನಮ್ಮದೇ ಮುಂದಿನ ಟೈರಿನಿಂದ. ಸ್ಪೋರ್ಟ್ಸ್ ಕಾರಿನ ಮೆತ್ತನೆ ರಬ್ಬರಿನ ಅಗಲ ಟೈರು ಬಿಸಿಯಾದರೆ ಸಣ್ಣ ಜಲ್ಲಿಯನ್ನು ಅಂಟಿಸಿಕೊಂಡು ಹಿಂದಕ್ಕೆ ಎಸೆಯುತ್ತದೆ. ಇಂಥ ಹಲವು ಕಾರುಗಳ ಹಿಂಭಾಗ ಮುಂಭಾಗಕ್ಕಿಂತ ಅಗಲವಾಗಿರುವುದರಿಂದ ಆ ಉಬ್ಬು ಕಲ್ಲಿನ ದಾರಿಗೇ ಚಾಚಿಕೊಂಡಿರುತ್ತದೆ. ಅದಕ್ಕೇ ನಾನು ಹಾಕಿದ್ದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಹಿಂದಿನ ಚಕ್ರಕ್ಕೆ ಹಾಕಿದರೆ ನಮ್ಮ ಬಣ್ಣಕ್ಕಿಂತ ಹಿಂದೆ ಬರುವವರಿಗೇ ಲಾಭ ಹೆಚ್ಚು. ಸೈಲೆನ್ಸರ್ ಪೈಪು ಹತ್ತಿರವಿರುವ ಕಾರಿನಲ್ಲಿ ಪ್ಲಾಸ್ಟಿಕ್ ಬಿಸಿಗೆ ಜೋಲುತ್ತದೆ ಬೇರೆ.

ಎಲ್ಲಿ ಪೆಟ್ಟು ಬೀಳುತ್ತದೆ ಎಂದು ಊಹಿಸಬೇಕಾಗಿಲ್ಲ. ಸಿಲ್ ಮತ್ತು ಹಿಂದಿನ ಉಬ್ಬಿನ ಮೇಲೆ ಬಣ್ಣದವರು ಬಳಸುವ ಮಾಸ್ಕಿಂಗ್ ಟೇಪ್ ಅಂಟಿಸಿ ಒಂದೆರಡು ದಿನ ಓಡಿಸಿದೆ. ಟೇಪಿನ ಮೇಲೆ ಬಿದ್ದ ಚುಕ್ಕೆಗಳೇ ನಕ್ಷೆ. ಟೇಪನ್ನು ಬಿಸಿಲಲ್ಲಿ ಹೆಚ್ಚು ದಿನ ಬಿಡಬೇಡಿ, ಅಂಟು ಉಳಿದುಬಿಡುತ್ತದೆ.

ಹಾಳೆ ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ನಾನು ಬಳಸಿದ್ದು 3 ಮಿ.ಮೀ. ದಪ್ಪದ ಕಪ್ಪು ಎಚ್‌ಡಿಪಿಇ (ಬಾಗುವ, ಗಟ್ಟಿಮುಟ್ಟಾದ ಒಂದು ಬಗೆಯ ಪ್ಲಾಸ್ಟಿಕ್) ಹಾಳೆ. 2 ಮಿ.ಮೀ. ಹಾಳೆ ವೇಗದಲ್ಲಿ ಪಟಪಟ ಹೊಡೆದುಕೊಳ್ಳುತ್ತದೆ. ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಹಾಳೆ ನೋಡಲು ಚಂದ, ಆದರೆ ರಸ್ತೆಯ ಹಂಪ್‌ಗೆ ತಗುಲಿದರೆ ಬಾಗುವ ಬದಲು ಸೀಳುತ್ತದೆ. ಲಾರಿಗೆ ಹಾಕುವ 5 ಮಿ.ಮೀ. ರಬ್ಬರ್ ಭಾರ: 22 × 20 ಸೆಂ.ಮೀ. ತುಂಡು ಸುಮಾರು 300 ಗ್ರಾಂ ತೂಗಿದರೆ, ಅದೇ ಅಳತೆಯ ಎಚ್‌ಡಿಪಿಇ ತುಂಡು 125 ಗ್ರಾಂ. ಆ ಭಾರವೆಲ್ಲ ವೀಲ್ ಆರ್ಚ್ (ಚಕ್ರದ ಮೇಲಿನ ಕಮಾನು) ಒಳಗಿನ ತೆಳು ಪ್ಲಾಸ್ಟಿಕ್ ಹೊದಿಕೆಯಾದ ಲೈನರ್ ಮೇಲೆ ನೇತಾಡಬೇಕು ಎಂಬುದು ನೆನಪಿರಲಿ. ಕಪ್ಪು ಹಾಳೆಯನ್ನೇ ಆರಿಸಿದ್ದು ಅಂದಕ್ಕಲ್ಲ, ಅದರೊಳಗಿನ ಕಾರ್ಬನ್ ಕಪ್ಪು ಬಿಸಿಲಿಗೆ ತಡೆಯುತ್ತದೆ ಎಂದು.

ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ. ಕಲ್ಲು ಹಾರುವುದು ಟೈರಿನ ಸ್ಪರ್ಶರೇಖೆಯ ದಿಕ್ಕಿನಲ್ಲಿ, ಹಾಗಾಗಿ ಫ್ಲ್ಯಾಪ್ ಟೈರಿಗೆ ಹತ್ತಿರವಾದಷ್ಟೂ ಕಡಿಮೆ ಉದ್ದ ಸಾಕು. ಟೈರಿನಿಂದ 25 ಮಿ.ಮೀ. ದೂರ, ನೆಲದಿಂದ 90 ಮಿ.ಮೀ. ಎತ್ತರ, ಟೈರಿನ ಹೊರ ಅಂಚಿಗಿಂತ 12 ಮಿ.ಮೀ. ಹೊರಕ್ಕೆ. ನನಗೆ ಒಗ್ಗಿದ ಅಳತೆ ಇದು. ಅಗಲ ಕಡಿಮೆ ಮಾಡಿದರೆ ಸಿಲ್ ಉಳಿಯುತ್ತದೆ, ಹಿಂದಿನ ಉಬ್ಬು ಉಳಿಯುವುದಿಲ್ಲ.

ಅಂತರವನ್ನು ಜ್ಯಾಕ್ ಮೇಲೆ ಎತ್ತಿದಾಗ ಅಳೆಯುವುದು ಸಾಮಾನ್ಯ ತಪ್ಪು. ಆಗ ಸಸ್ಪೆನ್ಷನ್ ಇಳಿಬಿದ್ದು ಟೈರಿನ ಜಾಗವೇ ಬೇರೆಯಾಗಿರುತ್ತದೆ. ಕಾರು ನೆಲದ ಮೇಲೆ ನಿಂತಿರುವಾಗಲೇ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಬಲಕ್ಕೆ ತಿರುಗಿಸಿದಾಗ ಎಡ ಟೈರಿನ ಹಿಂಬದಿ ಹೊರಕ್ಕೆ ಬರುತ್ತದೆ. ಫ್ಲ್ಯಾಪಿನ ಹೊರಮೂಲೆಗೆ ಟೈರು ತಾಗುವುದಿದ್ದರೆ ಆಗಲೇ. ಎಡಕ್ಕೆ ತಿರುಗಿಸಿದರೆ ಅದೇ ಜಾಗ ಬಿಡುವಾಗುತ್ತದೆ, ಆದ್ದರಿಂದ ಎಡಚಕ್ರದ ಕೆಲಸವನ್ನು ಚಕ್ರ ಬಿಚ್ಚದೆಯೇ ಮುಗಿಸಬಹುದು. ಬಲಚಕ್ರಕ್ಕೆ ಇದು ತಿರುವುಮುರುವು. ಸಂದಿನಲ್ಲಿ ಕೈ ತೂರದಿದ್ದರೆ ಮಾತ್ರ ಚಕ್ರ ಬಿಚ್ಚಿ. ಆಗ ಬರಿ ಜ್ಯಾಕ್ ನಂಬದೆ ಸ್ಟ್ಯಾಂಡ್ ಕೊಡಿ, ಹಿಂದಿನ ಚಕ್ರಕ್ಕೆ ಅಡ್ಡಗಟ್ಟೆ ಇಡಿ.

ಹಾಳೆಯನ್ನು ಸಣ್ಣ ಹಲ್ಲಿನ ಜಿಗ್‌ಸಾದಲ್ಲಿ ನಿಧಾನವಾಗಿ ಕೊಯ್ದೆ. ವೇಗ ಹೆಚ್ಚಿದರೆ ಪ್ಲಾಸ್ಟಿಕ್ ಕರಗಿ ಕೊಯ್ದ ಸಂದು ಹಿಂದೆಯೇ ಮುಚ್ಚಿಕೊಳ್ಳುತ್ತದೆ. ತಗಡು ಕತ್ತರಿಯೂ ಆದೀತು. ಮೂಲೆಗಳನ್ನು 10 ಮಿ.ಮೀ. ತ್ರಿಜ್ಯಕ್ಕೆ ದುಂಡಗೆ ಮಾಡಿ, ಸೀಳು ಹುಟ್ಟುವುದು ಚೂಪು ಮೂಲೆಯಲ್ಲೇ. ಆರ್ಚಿನ ಬಾಗುವಿಕೆಗೆ ತಕ್ಕಂತೆ ಬಗ್ಗಿಸಲು ಹೀಟ್ ಗನ್ ಬೇಕು. ಈ ಪ್ಲಾಸ್ಟಿಕ್ 130 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಹಾಗಾಗಿ ಗನ್ನನ್ನು ಆಡಿಸುತ್ತಲೇ ಇದ್ದು, ಮೇಲ್ಮೈ ಮಿನುಗತೊಡಗಿದ ಕೂಡಲೇ ಬಗ್ಗಿಸಿ ಒದ್ದೆ ಬಟ್ಟೆಯಿಂದ ಒತ್ತಿಹಿಡಿಯಬೇಕು. ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ, ಬೇಕಿದ್ದಕ್ಕಿಂತ ತುಸು ಹೆಚ್ಚೇ ಬಗ್ಗಿಸಿ. ಇದೆಲ್ಲ ಕಾರಿನಿಂದ ದೂರ, ಮೇಜಿನ ಮೇಲೆ.

ಕಾರಿನ ತಗಡಿಗೆ ನಾನು ಒಂದು ರಂಧ್ರವನ್ನೂ ಕೊರೆದಿಲ್ಲ. ಆರ್ಚಿನ ಹಿಂಬದಿಯ ಕೆಳ ಅಂಚಿನಲ್ಲಿ ಲೈನರನ್ನು ಹಿಡಿದಿರುವ ಎರಡು ಮೂರು ಸ್ಕ್ರೂಗಳು ಸಾಮಾನ್ಯವಾಗಿ ಇರುತ್ತವೆ. ಅವುಗಳನ್ನೇ ಬಿಚ್ಚಿ, ಅದೇ ತ್ರೆಡ್ಡಿನ, 5 ಮಿ.ಮೀ. ಮಾತ್ರ ಉದ್ದ ಹೆಚ್ಚಿರುವ ಸ್ಟೇನ್‌ಲೆಸ್ ಸ್ಕ್ರೂ ಹಾಕಿದೆ, ತಲೆಯಡಿ 20 ಮಿ.ಮೀ. ಅಗಲದ ವಾಷರ್ ಕೊಟ್ಟು. 5 ಮಿ.ಮೀ. ಎಂದರೆ ಹಾಳೆಯ ಮತ್ತು ವಾಷರಿನ ದಪ್ಪಕ್ಕೆ ಸರಿಹೋಗುತ್ತದೆ. ತೀರಾ ಉದ್ದವಾದರೆ ತುದಿ ಒಳಗಿನ ವೈರಿಂಗ್ ತನಕ ಹೋದೀತು. ಒಳಗಿರುವುದು ಅಲ್ಯುಮಿನಿಯಂ ಆದರೆ ಸ್ಟೇನ್‌ಲೆಸ್ ನೇರ ತಾಗಿ ತೇವದಲ್ಲಿ ಅಲ್ಯುಮಿನಿಯಂ ಕೊರೆಯುತ್ತದೆ, ಕಾರಿನ ಮೂಲ ಸ್ಕ್ರೂವಿನಂಥದೇ ಲೇಪನದ್ದು ಹುಡುಕಿ. ಕೆಳಗಿನ ಕೊನೆಯ ಜಾಗಕ್ಕೆ ಮಾತ್ರ ಪ್ಲಾಸ್ಟಿಕ್ ಕ್ಲಿಪ್. ರಿವರ್ಸ್ ಮಾಡುವಾಗ ಫ್ಲ್ಯಾಪ್ ಟೈರಿನಡಿ ಸಿಕ್ಕಿಕೊಂಡರೆ ಮೊದಲು ಆ ಕ್ಲಿಪ್ ಕಿತ್ತುಬರಲಿ, ಲೈನರ್ ಹರಿಯುವುದು ಬೇಡ.

ಮೇಲಿನ ರಂಧ್ರ ಮಾತ್ರ ದುಂಡಗೆ, ಉಳಿದವು 6 × 10 ಮಿ.ಮೀ. ಉದ್ದುದ್ದ. ಎಚ್‌ಡಿಪಿಇ ಬಿಸಿಲಿಗೆ ಸಾಕಷ್ಟು ಹಿಗ್ಗುತ್ತದೆ: 20 ಸೆಂ.ಮೀ. ತುಂಡು 40 ಡಿಗ್ರಿ ವ್ಯತ್ಯಾಸಕ್ಕೆ ಒಂದು ಮಿ.ಮೀ. ಮೀರುತ್ತದೆ. ಬಿಗಿದ ದುಂಡು ರಂಧ್ರಗಳಿದ್ದರೆ ಹಪ್ಪಳದಂತೆ ಅಲೆಯಲೆಯಾಗುತ್ತದೆ. ಸ್ಕ್ರೂವನ್ನು ಕೈಯಲ್ಲೇ ಬಿಗಿ ಮಾಡಿ, ವಾಷರಿನಡಿ ಹಾಳೆ ಕುಳಿಬಿದ್ದರೆ ಅತಿಯಾಯಿತು ಎಂದರ್ಥ. ಸ್ಕ್ರೂ ಸಡಿಲವಾಗದಂತೆ ಹಾಕುವ ತ್ರೆಡ್‌ಲಾಕರ್ ದ್ರವ ಬೇಡ, ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಅದು ಬಿರುಕು ಬಿಡಿಸುತ್ತದೆ.

ಈಗ ಬಹಳ ಜನ ಎಡವುವ ಜಾಗ. ಫ್ಲ್ಯಾಪಿನ ಅಂಚು ಬಣ್ಣಕ್ಕೆ ತಾಗಿದಲ್ಲಿ ಮರಳು ನುಗ್ಗುತ್ತದೆ, ಫ್ಲ್ಯಾಪ್ ಅದುರುತ್ತಲೇ ಇರುತ್ತದೆ. ಮರಳು ಕಾಗದ ಹಿಡಿದು ಉಜ್ಜಿದ ಹಾಗೆ ಕೆಲವೇ ತಿಂಗಳಲ್ಲಿ ತಗಡು ಕಾಣುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಅದಕ್ಕೆ ಎರಡು ಕ್ರಮ ಒಟ್ಟಿಗೆ ಮಾಡಿದೆ. ಒಂದು, ಬಣ್ಣದ ಅಂಚಿಗೂ ಫ್ಲ್ಯಾಪಿಗೂ ನಡುವೆ 5 ಮಿ.ಮೀ. ಸಂದು, ನೀರು ಬಿಟ್ಟರೆ ಕೊಳೆ ಜಾರಿಹೋಗುವಷ್ಟು. ಇನ್ನೊಂದು, ಆ ಅಂಚಿನ ಮೇಲೆ 40 ಮಿ.ಮೀ. ಅಗಲದ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ (ಬಣ್ಣ ಕಾಯುವ ಪಾರದರ್ಶಕ ಪ್ಲಾಸ್ಟಿಕ್ ಪೊರೆ) ಪಟ್ಟಿ, 200 ಮೈಕ್ರಾನ್ ದಪ್ಪದ್ದು. ಅಂಚನ್ನು ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಶಾಂಪೂ ಹನಿ ಬೆರೆಸಿದ ನೀರು ಸಿಂಪಡಿಸಿ ಫಿಲ್ಮ್ ಕೂರಿಸಿ, ಮಧ್ಯದಿಂದ ಹೊರಕ್ಕೆ ನೀರು ತಳ್ಳಿ. ಒಂದು ದಿನ ಒಣಗಿದ ಮೇಲೇ ಫ್ಲ್ಯಾಪ್ ಹಾಕಬೇಕು. ಸಂದನ್ನು ತುಂಬಲು ಡಬಲ್ ಟೇಪ್ ಅಥವಾ ಸ್ಪಂಜು ಪಟ್ಟಿ ಅಂಟಿಸುವವರಿದ್ದಾರೆ. ಅದು ಮರಳನ್ನೂ ತೇವವನ್ನೂ ಅಲ್ಲೇ ಕೂಡಿಟ್ಟುಕೊಳ್ಳುತ್ತದೆ.

ಎಲ್ಲ ಆದಮೇಲೆ ಫ್ಲ್ಯಾಪಿನ ಟೈರಿನ ಕಡೆಗೆ ಸೀಮೆಸುಣ್ಣ ಬಳಿದು ಹತ್ತಿರದಲ್ಲೇ ಓಡಿಸಿ, ತಿರುವು, ಹಂಪು ಎಲ್ಲ ಬರುವ ಹಾಗೆ. ಕಲ್ಲು ಬಡಿದಲ್ಲಿ ಚುಕ್ಕೆ, ಟೈರು ಉಜ್ಜಿದಲ್ಲಿ ಪಟ್ಟೆ. ಪಟ್ಟೆ ಕಂಡರೆ ಆ ಮೂಲೆಯಿಂದ 5 ಮಿ.ಮೀ. ಕತ್ತರಿಸಿ ಮತ್ತೊಮ್ಮೆ ನೋಡಿ. 100 ಕಿ.ಮೀ. ನಂತರ ಸ್ಕ್ರೂಗಳನ್ನು ಒಮ್ಮೆ ಮುಟ್ಟಿ ನೋಡಿ. ಚಕ್ರ ಬಿಚ್ಚಿದ್ದರೆ ಅದರ ನಟ್‌ಗಳನ್ನೂ ಕೈಪಿಡಿಯ ಟಾರ್ಕ್‌ಗೆ ಪರೀಕ್ಷಿಸಿ. ಆರು ತಿಂಗಳಿಗೊಮ್ಮೆ ಫ್ಲ್ಯಾಪ್ ಬಿಚ್ಚಿ ಹಿಂದೆ ಕೂತ ಕೆಸರು ತೊಳೆಯುತ್ತೇನೆ. ಫಿಲ್ಮಿನ ಅಂಚು ಎದ್ದಿದ್ದರೆ ಅದೇ ಹೊತ್ತಿಗೆ ಹೊಸ ಪಟ್ಟಿ.