ಶಿರಾಡಿ ಇಳಿದು ಹತ್ತುವ ಬ್ಯಾಟರಿ ಲೆಕ್ಕ

ಶಿರಾಡಿ ಘಾಟಿ ಇಳಿಯುವಾಗ ಬ್ಯಾಟರಿ ಫುಲ್ ಇರಬಾರದು. ಹೊಸದಾಗಿ ಎಲೆಕ್ಟ್ರಿಕ್ ಕಾರು ತೆಗೆದುಕೊಂಡವರಿಗೆ ಈ ಮಾತು ಹೇಳಿದರೆ ವಿಚಿತ್ರವಾಗಿ ನೋಡುತ್ತಾರೆ. ಇಳಿಜಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರೇ ಡೈನಮೋ ಆಗಿ ತಿರುಗುತ್ತದೆ. ಕಾರನ್ನೂ ತಡೆಯುತ್ತದೆ, ಬ್ಯಾಟರಿಗೆ ಕರೆಂಟನ್ನೂ ತುಂಬುತ್ತದೆ. ನಾವೆಲ್ಲ ಇದಕ್ಕೆ ರೀಜೆನ್ ಅನ್ನುತ್ತೇವೆ. ಬ್ಯಾಟರಿ ಆಗಲೇ ಭರ್ತಿ ಇದ್ದರೆ ಆ ಕರೆಂಟಿಗೆ ಜಾಗವೇ ಇರುವುದಿಲ್ಲ. ಅಷ್ಟು ಉದ್ದದ ಇಳಿಜಾರನ್ನು ಬ್ರೇಕ್ ತುಳಿಯುತ್ತಲೇ ಇಳಿಯಬೇಕಾಗುತ್ತದೆ. ಹಾಗಾಗಿ ಸಕಲೇಶಪುರದಲ್ಲಿ ಚಾರ್ಜರ್ ಖಾಲಿ ಸಿಕ್ಕಿತು ಅಂತ ಸುಮ್ನೆ ನೂರು ಪರ್ಸೆಂಟ್ ತುಂಬಿಸಿಕೊಂಡು ಹೊರಡುವುದಿಲ್ಲ.

ನಾವಿರುವುದು ಬೆಂಗಳೂರಿನ ಪಶ್ಚಿಮದ ಕಡೆ. ಹೆಂಡತಿಯ ತವರು ಪುತ್ತೂರಿನ ಹತ್ತಿರ, ಅಡಿಕೆ ತೋಟದ ಮನೆ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಗುಂಡ್ಯ, ಉಪ್ಪಿನಂಗಡಿ, ಆಮೇಲೆ ಪುತ್ತೂರು. ಒಟ್ಟು ಸುಮಾರು 310 ಕಿಲೋಮೀಟರ್. ಹಬ್ಬ, ಮದುವೆ, ಮಕ್ಕಳ ರಜೆ ಅಂತ ಈ ದಾರಿಯಲ್ಲಿ ಓಡಾಡುತ್ತಲೇ ಇರುತ್ತೇವೆ. ನಮ್ಮದು 45 ಯೂನಿಟ್ ಬ್ಯಾಟರಿಯ ಚಿಕ್ಕ ಎಸ್‌ಯುವಿ. ಕಿಲೋವ್ಯಾಟ್ ಅವರ್ ಅಂದರೂ ಕರೆಂಟ್ ಬಿಲ್ಲಿನ ಯೂನಿಟ್ ಅಂದರೂ ಒಂದೇ. ನನಗೆ ಯೂನಿಟ್ ಅಂದರೇ ಲೆಕ್ಕ ಬೇಗ ತಲೆಗೆ ಹತ್ತುತ್ತದೆ.

ಕಂಪನಿಯ ಬ್ರೋಷರಿನಲ್ಲಿರುವ ರೇಂಜ್ ಪರೀಕ್ಷಾ ಕೊಠಡಿಯ ಲೆಕ್ಕ. ಪ್ಲಾನ್ ಮಾಡುವಾಗ ಅದನ್ನು ಮರೆತುಬಿಡಿ. ಡ್ಯಾಶ್‌ಬೋರ್ಡ್ ತೋರಿಸುವ ಕಿಲೋಮೀಟರನ್ನೂ ನಾನು ನಂಬುವುದಿಲ್ಲ. ಅದು ನಿನ್ನೆವರೆಗೆ ನೀವು ಊರೊಳಗೆ ಓಡಿಸಿದ ರೀತಿ ನೋಡಿ ಹೇಳುತ್ತಿರುತ್ತದೆ, ಮುಂದಿರುವ ಘಾಟಿ ಅದಕ್ಕೆ ಗೊತ್ತಿಲ್ಲ. ನನಗೆ ಬೇಕಾದ್ದು ಒಂದೇ ಸಂಖ್ಯೆ: ಒಂದು ಯೂನಿಟ್‌ಗೆ ಎಷ್ಟು ಕಿಲೋಮೀಟರ್. ಹೆದ್ದಾರಿಯಲ್ಲಿ 80-85ರ ವೇಗದಲ್ಲಿ ನಾಲ್ಕು ಜನ, ಲಗೇಜು, ಎಸಿ ಎಲ್ಲ ಸೇರಿ ನಮ್ಮ ಕಾರು ಯೂನಿಟ್‌ಗೆ 7 ಕಿಲೋಮೀಟರ್ ಕೊಡುತ್ತದೆ. 100ಕ್ಕೆ ಏರಿಸಿದರೆ 6ರ ಹತ್ತಿರ ಬಂದು ನಿಲ್ಲುತ್ತದೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ನೆಲಮಂಗಲದಿಂದ ಹಾಸನದವರೆಗೆ ನಾಲ್ಕು ಲೇನ್ ರಸ್ತೆ ಚೆನ್ನಾಗಿದೆ, ಕಾಲು ತಾನಾಗಿ ಒತ್ತುತ್ತದೆ. ಆದರೆ ಅಲ್ಲಿ ಉಳಿಸಿದ ಹದಿನೈದು ಇಪ್ಪತ್ತು ನಿಮಿಷವನ್ನು ಚಾರ್ಜರ್ ಮುಂದೆ ನಿಂತು ವಾಪಸ್ ಕೊಡಬೇಕಾಗುತ್ತದೆ. ಅದಕ್ಕೇ ನಾನು 85 ದಾಟುವುದಿಲ್ಲ. ಹಿಂದಿನಿಂದ ಹಾರ್ನ್ ಹೊಡೆಯುವವರು ಹೊಡೆಯಲಿ.

ಇನ್ನು ಎತ್ತರದ ಲೆಕ್ಕ. ಈ ದಾರಿಯಲ್ಲಿ ನಿಜವಾಗಿ ಆಟ ಆಡಿಸುವುದು ಇದೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಹಾಸನ, ಸಕಲೇಶಪುರ ಕೂಡ ಹೆಚ್ಚುಕಮ್ಮಿ ಅಷ್ಟೇ ಎತ್ತರ. ಸಕಲೇಶಪುರ ದಾಟಿದ ಮೇಲೆ ರಸ್ತೆ ಒಮ್ಮೆಲೇ ಇಳಿದು ಕರಾವಳಿಯ ಮಟ್ಟಕ್ಕೆ ಬರುತ್ತದೆ. ಪುತ್ತೂರಿಗೂ ಸಕಲೇಶಪುರಕ್ಕೂ ಎತ್ತರದ ವ್ಯತ್ಯಾಸ 850 ಮೀಟರ್ ಆಸುಪಾಸು. ಜನ ಸೇರಿ 1800 ಕಿಲೋ ತೂಗುವ ಕಾರನ್ನು 100 ಮೀಟರ್ ಮೇಲಕ್ಕೆ ಎತ್ತಲು ಅರ್ಧ ಯೂನಿಟ್ ಬೇಕು. ಮೋಟಾರಿನಲ್ಲಿ ಆಗುವ ನಷ್ಟ ಸೇರಿದರೆ ಇನ್ನೂ ಸ್ವಲ್ಪ ಜಾಸ್ತಿ. ಅಂದರೆ ಘಾಟಿ ಹತ್ತುವುದಕ್ಕೇ ನಾಲ್ಕೂವರೆಯಿಂದ ಐದು ಯೂನಿಟ್, ನಮ್ಮ ಬ್ಯಾಟರಿಯ ಹತ್ತು ಪರ್ಸೆಂಟಿಗಿಂತ ಒಂಚೂರು ಮೇಲೆ. ದೂರಕ್ಕೆ ಆಗುವ ಖರ್ಚು ಬೇರೆ. ಇಳಿಯುವಾಗ ಅಷ್ಟೂ ವಾಪಸ್ ಬರುವುದಿಲ್ಲ, ಮೂರು ಯೂನಿಟ್ ಬಂದರೆ ಖುಷಿ. ಇದು ಗೊತ್ತಿಲ್ಲದವರು ಹೋಗುವಾಗ ಆದ ಖರ್ಚು ನೋಡಿ ಬರುವಾಗಲೂ ಅಷ್ಟೇ ಆಗುತ್ತದೆ ಅಂದುಕೊಳ್ಳುತ್ತಾರೆ.

ಹೋಗುವ ದಿನ ಮನೆಯಲ್ಲೇ ನೂರು ಪರ್ಸೆಂಟ್ ಮಾಡಿಕೊಂಡು ಹೊರಡುತ್ತೇವೆ. ಹಾಸನ ಸುಮಾರು 185 ಕಿಲೋಮೀಟರ್, ಅಂದರೆ 26 ಯೂನಿಟ್. ಅಲ್ಲಿಗೆ ಬಂದಾಗ 40 ಪರ್ಸೆಂಟ್ ಚಿಲ್ಲರೆ ಉಳಿದಿರುತ್ತದೆ. ಅಲ್ಲಿಂದ ಪುತ್ತೂರು 125 ಕಿಲೋಮೀಟರ್. ದೂರಕ್ಕೆ 18 ಯೂನಿಟ್, ಇಳಿಜಾರಿನಿಂದ ಮೂರು ವಾಪಸ್, ಕೊನೆಗೆ ಖರ್ಚಾಗುವುದು 15. ಕಾಗದದ ಮೇಲೆ ಹಾಸನದಲ್ಲಿ ನಿಲ್ಲದೆಯೇ ಮನೆ ಸೇರಬಹುದು, ಕೊನೆಗೆ ಉಳಿಯುವುದು ಹತ್ತು ಪರ್ಸೆಂಟಿಗಿಂತ ಕಮ್ಮಿ. ಆದರೆ ಘಾಟಿಯಲ್ಲಿ ಮಾರನಹಳ್ಳಿ ಹತ್ತಿರ ಲಾರಿ ಕೆಟ್ಟು ನಿಂತರೆ ಎರಡು ಗಂಟೆ ಅಲ್ಲೇ. ಮಕ್ಕಳಿರುವ ಕಾರಿನಲ್ಲಿ ಆ ಶೋಕಿ ಬೇಡ. ಹಾಸನದ ಬಳಿ ನಿಲ್ಲಿಸಿ 75ಕ್ಕೆ ತುಂಬಿಸುತ್ತೇವೆ. ಫಾಸ್ಟ್ ಚಾರ್ಜರ್‌ನಲ್ಲಿ ಇದಕ್ಕೆ ಹಿಡಿಯುವುದು ಇಪ್ಪತ್ತೈದು ನಿಮಿಷ. ಇಡ್ಲಿ, ವಡೆ, ಕಾಫಿ, ಬಾತ್‌ರೂಮು ಮುಗಿಸುವಷ್ಟರಲ್ಲಿ ಆಗಿರುತ್ತದೆ. 80ರ ಮೇಲೆ ತುಂಬಿಸಲು ಹೋದರೆ ಮಾತ್ರ ಕಾಯಬೇಕು. ಕೊಡ ತುಂಬುತ್ತಾ ಬಂದಾಗ ನಲ್ಲಿ ಸಣ್ಣ ಮಾಡುವ ಹಾಗೆ ಕಾರು ತಾನೇ ವೇಗ ಇಳಿಸುತ್ತದೆ. ಕೊನೆಯ ಇಪ್ಪತ್ತು ಪರ್ಸೆಂಟಿಗೆ ಹೋಗುವ ಹೊತ್ತು ನೋಡಿದರೆ ಮೊದಲಿನ ಐವತ್ತಕ್ಕೆ ಹೋದ ಹೊತ್ತು ಏನೂ ಅಲ್ಲ.

ಚಾರ್ಜರ್ ಆರಿಸುವುದರಲ್ಲಿ ನನ್ನದು ಒಂದು ಪಟ್ಟು. ಎಲ್ಲರೂ ಕೇಳುವುದು ಚಾರ್ಜರ್ ಎಲ್ಲಿದೆ ಅಂತ. ನಾನು ಮೊದಲು ನೋಡುವುದು, ಅದು ಕೆಟ್ಟಿದ್ದರೆ ಮುಂದಿನದು ಎಲ್ಲಿದೆ ಅಂತ. ಮೊದಲನೆಯದನ್ನು ಮುಟ್ಟುವಾಗ ಬ್ಯಾಟರಿಯಲ್ಲಿ ಎರಡನೆಯದಕ್ಕೆ ಹೋಗುವಷ್ಟು ಉಳಿದಿರಬೇಕು. ಅದೂ ಬೇರೆ ಕಂಪನಿಯದ್ದಾಗಿದ್ದರೆ ವಾಸಿ, ಒಂದೇ ಕಂಪನಿಯ ಸರ್ವರ್ ಕೈಕೊಟ್ಟರೆ ಅವರ ಎಲ್ಲ ಚಾರ್ಜರ್‌ಗಳೂ ಒಟ್ಟಿಗೆ ಮಲಗುತ್ತವೆ. ಇದೇ ಕಾರಣಕ್ಕೆ 20 ಪರ್ಸೆಂಟಿಗಿಂತ ಕೆಳಗೆ ಇಳಿಸುವ ಪ್ಲಾನ್ ಮಾಡುವುದಿಲ್ಲ. ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ಒಂದರ ಹಿಂದೆ ಒಂದು ಸಿಗುವುದರಿಂದ ಈ ದಾರಿಯ ಮಧ್ಯಭಾಗ ಆರಾಮ. ಘಾಟಿಯಲ್ಲಿ ಮಾತ್ರ ಯಾವುದನ್ನೂ ನಂಬಿಕೊಂಡು ಇಳಿಯುವುದಿಲ್ಲ. ಕಾಡಿನ ನಡುವೆ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇಲ್ಲ, ಸಿಗ್ನಲ್ ಇಲ್ಲದಿದ್ದರೆ ಆ್ಯಪ್ ಇಲ್ಲ, ಆ್ಯಪ್ ಇಲ್ಲದಿದ್ದರೆ ಬಹಳಷ್ಟು ಚಾರ್ಜರ್‌ಗಳು ಶುರುವೇ ಆಗುವುದಿಲ್ಲ.

ದಾರಿ ಹಾಕಲು ಎ ಬೆಟರ್ ರೂಟ್ ಪ್ಲಾನರ್ ಅನ್ನುವ ಆ್ಯಪ್ ಒಳ್ಳೆಯದು. ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಕಾರಿನ ಮಾಡೆಲ್ ಕೊಟ್ಟರೆ ಎಲ್ಲಿ ಎಷ್ಟು ಪರ್ಸೆಂಟ್ ಉಳಿಯುತ್ತದೆ ಅಂತಲೂ ಹೇಳುತ್ತದೆ. ಚಾರ್ಜರ್ ಬದುಕಿದೆಯಾ ಅಂತ ನೋಡಲು ಪ್ಲಗ್‌ಶೇರ್. ಅಲ್ಲಿ ಸ್ಟಾರ್ ಎಷ್ಟು ಅಂತ ನೋಡಬೇಡಿ, ಕೊನೆಯ ಚೆಕ್-ಇನ್ ಯಾವತ್ತಿನದು ಅಂತ ನೋಡಿ. ಈ ವಾರ ಯಾರಾದರೂ ಚಾರ್ಜ್ ಮಾಡಿಕೊಂಡಿದ್ದರೆ ಸರಿ. ಎರಡು ತಿಂಗಳಿಂದ ಯಾರ ಸುದ್ದಿಯೂ ಇಲ್ಲದಿದ್ದರೆ ಅನುಮಾನ. ಕಂಪನಿಯ ಆ್ಯಪಿನಲ್ಲಿ ಹಸಿರು ತೋರಿಸುತ್ತಿದ್ದ ಚಾರ್ಜರ್ ಮುಂದೆ ಹೋಗಿ ನಿಂತಾಗ ಪರದೆ ಕಪ್ಪಗಿದ್ದದ್ದೂ ಉಂಟು. ಹಾಗಾಗಿ ಹೊರಡುವ ಮೊದಲು ಫೋನ್ ಮಾಡುತ್ತೇನೆ. ಹೆಲ್ಪ್‌ಲೈನಿಗೆ ಮಾಡಿದರೆ ಅವರೂ ಅದೇ ಹಸಿರು ನೋಡಿಕೊಂಡು ಹೇಳುತ್ತಾರೆ. ಚಾರ್ಜರ್ ಇರುವ ಹೋಟೆಲಿನ ಗಲ್ಲಾದವರಿಗೋ ಸೆಕ್ಯುರಿಟಿಯವರಿಗೋ ಮಾಡಿದರೆ, "ಬನ್ನಿ ಸಾರ್, ಈಗಷ್ಟೇ ಒಂದು ಗಾಡಿ ಹೋಯ್ತು" ಅಂತ ನಿಜ ಹೇಳುತ್ತಾರೆ.

ಬೋರ್ಡಿನಲ್ಲಿ 60 ಕಿಲೋವ್ಯಾಟ್ ಅಂತ ಬರೆದಿದ್ದರೂ ಒಂದು ವಿಷಯ ಗಮನಿಸಬೇಕು. ಎರಡು ಗನ್ (ಕಾರಿಗೆ ಸಿಕ್ಕಿಸುವ ಪ್ಲಗ್) ಇರುವ ಅನೇಕ ಚಾರ್ಜರ್‌ಗಳಲ್ಲಿ ಇನ್ನೊಂದು ಕಾರು ಬಂದು ನಿಂತರೆ ಶಕ್ತಿ ಹಂಚಿಹೋಗಿ ಇಬ್ಬರಿಗೂ 30 ಸಿಗುತ್ತದೆ. ಇಪ್ಪತ್ತೈದು ನಿಮಿಷದ ಕೆಲಸ ಅರ್ಧ ಗಂಟೆ ದಾಟುತ್ತದೆ. ದಸರಾ, ದೀಪಾವಳಿ, ಶುಕ್ರವಾರ ರಜೆ ಬಂದ ವಾರಾಂತ್ಯಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಹಾಸನದ ಸುತ್ತ ಸಾಲು ನಿಲ್ಲುವುದು ಗ್ಯಾರಂಟಿ. ಅಂಥ ದಿನ ಬೆಳಗಿನ ಜಾವ ಐದಕ್ಕೆ ಹೊರಡುತ್ತೇವೆ, ತಿಂಡಿ ಹೊತ್ತಿಗೆ ಚಾರ್ಜಿಂಗ್ ಮುಗಿದಿರುತ್ತದೆ. ಗನ್ ಹಾಕಿ ಊಟಕ್ಕೆ ಹೋಗುವಾಗ ವಿಂಡ್‌ಶೀಲ್ಡ್ ಒಳಗೆ ಫೋನ್ ನಂಬರ್ ಇಟ್ಟು ಹೋಗಿ. 80 ಆದ ಮೇಲೂ ಐಸ್‌ಕ್ರೀಮ್ ತಿನ್ನುತ್ತಾ ಕೂರುವವರ ಬಗ್ಗೆ ನಾನು ಇಲ್ಲಿ ಏನೂ ಬರೆಯುವುದಿಲ್ಲ.

ದುಡ್ಡು ಕಟ್ಟುವುದು ಇನ್ನೊಂದು ತಲೆನೋವು. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದು ವ್ಯಾಲೆಟ್. ಮನೆಯಲ್ಲಿ ವೈಫೈ ಇರುವಾಗಲೇ ದಾರಿಯಲ್ಲಿ ಬರುವ ಎಲ್ಲ ಆ್ಯಪ್ ಹಾಕಿ, ಲಾಗಿನ್ ಮಾಡಿ, ವ್ಯಾಲೆಟ್‌ಗೆ ಐನೂರು ತುಂಬಿಸಿಟ್ಟುಕೊಳ್ಳಿ. ಒಂದು ಆ್ಯಪ್ ಹೆಂಡತಿಯ ಫೋನಿನಲ್ಲೂ ಇರಲಿ, ಬೇರೆ ಕಂಪನಿಯ ಸಿಮ್ ಇದ್ದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಹೇಳಿದರೂ ನನ್ನ ಲೆಕ್ಕದಲ್ಲಿ ಈ ಪ್ರಯಾಣದ ಅತಿ ಮುಖ್ಯ ಚಾರ್ಜರ್ ಹೆದ್ದಾರಿಯಲ್ಲಿ ಇಲ್ಲ, ಮಾವನ ಮನೆಯ ಜಗಲಿಯ ಗೋಡೆಯಲ್ಲಿದೆ. 15 ಆಂಪ್‌ನ ಪವರ್ ಸಾಕೆಟ್. ಕಾರಿನ ಜೊತೆ ಬಂದ ಪೋರ್ಟಬಲ್ ಚಾರ್ಜರ್ ಹಾಕಿದರೆ ಗಂಟೆಗೆ ಎರಡೂವರೆಯಿಂದ ಮೂರು ಯೂನಿಟ್. ನಾವು 40 ಪರ್ಸೆಂಟಿನಲ್ಲಿ ಮನೆ ಮುಟ್ಟಿದರೆ ಬೆಳಗಾಗುವುದರೊಳಗೆ ಫುಲ್. ಇದೊಂದಿದ್ದರೆ ವಾಪಸ್ ಬರುವ ಪ್ಲಾನಿನ ಅರ್ಧ ಮುಗಿದ ಹಾಗೆ.

ಮೊದಲು ಕಾರು ತರುತ್ತೇವೆ ಅಂದಾಗ ಮಾವನ ಪ್ರಶ್ನೆ, "ಕರೆಂಟ್ ಹೋದ್ರೆ ಎಂತ ಮಾಡ್ತೀರಿ ನೀವು?" ನ್ಯಾಯವಾದ ಪ್ರಶ್ನೆ. ಮಳೆಗಾಲದಲ್ಲಿ ಅಡಿಕೆ ಮರ ಲೈನಿನ ಮೇಲೆ ಬಿದ್ದರೆ ಮೆಸ್ಕಾಂನವರು ಬಂದು ಸರಿ ಮಾಡುವವರೆಗೆ ಕಾಯಬೇಕು. ಅದಕ್ಕೇ ಮರುದಿನ ಮಾಡಿದರಾಯಿತು ಅಂತ ಬಿಡುವುದಿಲ್ಲ, ಕಾರಿನಿಂದ ಇಳಿದ ಕೂಡಲೇ ಪ್ಲಗ್ ಹಾಕುತ್ತೇನೆ. ನಮ್ಮ ಕಾರಿನಲ್ಲಿ ಕರೆಂಟ್ ಹೋಗಿ ಬಂದರೆ ಚಾರ್ಜಿಂಗ್ ತಾನಾಗಿ ಮತ್ತೆ ಶುರುವಾಗುತ್ತದೆ. ಕೆಲವು ಕಾರುಗಳಲ್ಲಿ ತೆಗೆದು ಮತ್ತೆ ಹಾಕಬೇಕು. ಇದನ್ನು ನಿಮ್ಮ ಮನೆಯಲ್ಲೇ ಮೈನ್ ಸ್ವಿಚ್ ಆಫ್ ಮಾಡಿ ನೋಡಿಕೊಳ್ಳಿ.

ಹಳ್ಳಿಮನೆಯ ಸಾಕೆಟ್ ಬಳಸುವವರು ಅರ್ಥಿಂಗ್ ಪರೀಕ್ಷೆ ಮಾಡಿಸಲೇಬೇಕು. ಅರ್ಥಿಂಗ್ ಸರಿ ಇಲ್ಲದಿದ್ದರೆ ಪೋರ್ಟಬಲ್ ಚಾರ್ಜರ್‌ನ ಕೆಂಪು ದೀಪ ಮಿಣುಕುತ್ತದೆ, ಚಾರ್ಜ್ ಆಗುವುದಿಲ್ಲ. ಅದನ್ನು ತಪ್ಪಿಸಲು ಅಡ್ಡದಾರಿ ಹೇಳಿಕೊಡುವವರಿದ್ದಾರೆ, ಕೇಳಬೇಡಿ, ಜೀವದ ಪ್ರಶ್ನೆ. ನಾವು ಊರಿನ ಎಲೆಕ್ಟ್ರಿಷಿಯನ್‌ರನ್ನು ಕರೆದು ಹೊಸ ಅರ್ಥ್ ಗುಂಡಿ ತೆಗೆಸಿದೆವು. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆಸಿ, ಬೇರೆ ಎಂಸಿಬಿ ಹಾಕಿಸಿದೆವು. ಗಂಟೆಗಟ್ಟಲೆ ಮೂರು ಕಿಲೋವ್ಯಾಟ್ ಎಳೆಯುವ ಕೆಲಸ ಇದು. ತೆಳ್ಳಗಿನ ಎಕ್ಸ್‌ಟೆನ್ಷನ್ ವೈರ್ ಕರಗುತ್ತದೆ. ಇನ್ವರ್ಟರ್ ಲೈನಿಗೆ ಸಿಕ್ಕಿಸಿದರೆ ಕರೆಂಟ್ ಹೋದ ಮರುಕ್ಷಣ ಇಡೀ ಮನೆ ಕತ್ತಲು. ಮತ್ತೊಂದು, ತೋಟದ ಪಂಪುಗಳು ಓಡುವ ಹೊತ್ತಿಗೆ ವೋಲ್ಟೇಜ್ ಇಳಿಯುತ್ತದೆ, ಚಾರ್ಜಿಂಗ್ ನಿಂತೂ ಹೋಗಬಹುದು. ಮಾವ ಈಗ ನಾವು ಬರುವ ದಿನ ಕೇಳಿಕೊಂಡು ಅದಕ್ಕೆ ತಕ್ಕ ಹಾಗೆ ಸ್ಪ್ರಿಂಕ್ಲರ್ ಬಿಡುತ್ತಾರೆ.

ವಾಪಸ್ ಬರುವಾಗ ಪುತ್ತೂರಿನಿಂದ ಸಕಲೇಶಪುರಕ್ಕೆ ಸುಮಾರು 90 ಕಿಲೋಮೀಟರ್. ದೂರಕ್ಕೆ 13 ಯೂನಿಟ್, ಏರಿಗೆ ಐದು. ನೂರರಲ್ಲಿ ನಲವತ್ತು ಪರ್ಸೆಂಟ್ ಅಲ್ಲೇ ಹೋಯಿತು. ಗುಂಡ್ಯ ದಾಟಿದ ಮೇಲೆ ಬ್ಯಾಟರಿ ಇಳಿಯುವುದನ್ನು ನೋಡಿದರೆ ಹೊಸಬರಿಗೆ ಎದೆ ಢವಢವ ಅನ್ನುತ್ತದೆ. ಲೆಕ್ಕ ಗೊತ್ತಿದ್ದವರಿಗೆ ಏನೂ ಅನ್ನಿಸುವುದಿಲ್ಲ. ಸಕಲೇಶಪುರದಿಂದ ಮುಂದೆ ಮತ್ತೆ ಯೂನಿಟ್‌ಗೆ 7ರ ಲೆಕ್ಕ. ಹಾಸನದಲ್ಲಿ 85ಕ್ಕೆ ತುಂಬಿಸಿದರೆ ಬೆಂಗಳೂರಿಗೆ ಬರುವಾಗ ಕೈಯಲ್ಲಿ ಇಪ್ಪತ್ತೈದರಷ್ಟು ಇರುತ್ತದೆ. ಭಾನುವಾರ ಸಂಜೆ ನೆಲಮಂಗಲದ ಜಾಮಿಗೆ ಅದು ಧಾರಾಳ. ನಿಂತ ಕಾರಿನಲ್ಲಿ ಎಸಿ ತಿನ್ನುವುದು ಗಂಟೆಗೆ ಒಂದು ಯೂನಿಟ್ ಅಷ್ಟೇ.

ಖರ್ಚು ಕೇಳುವವರಿಗೆ: ಹೆದ್ದಾರಿಯಲ್ಲಿ ಯೂನಿಟ್‌ಗೆ ಇಪ್ಪತ್ತು ರೂಪಾಯಿ ಮೇಲೆ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಮನೆಯಲ್ಲಿ ಹತ್ತರ ಒಳಗೆ. ಎಲ್ಲ ಸೇರಿ ಒಂದು ಕಡೆಗೆ ಎಂಟುನೂರು ದಾಟುವುದಿಲ್ಲ. ನಮ್ಮ ಹಳೆಯ ಪೆಟ್ರೋಲ್ ಕಾರಿಗೆ ಎರಡು ಸಾವಿರ ಬೇಕಿತ್ತು.

ಹುಬ್ಬಳ್ಳಿ ಕಡೆ ಹೋಗುವವರಿಗೆ ಘಾಟಿ ಇಲ್ಲ, ಆದರೆ ಗಾಳಿ ಇದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆಷಾಢದ ಗಾಳಿ ಎದುರಿನಿಂದ ಬೀಸುತ್ತಿದ್ದರೆ ನೀವು 80ರಲ್ಲಿ ಹೋದರೂ ಕಾರಿಗೆ ಅದು 100 ದಾಟಿದ ಹಾಗೆ. ಆ ತಿಂಗಳುಗಳಲ್ಲಿ ಯೂನಿಟ್‌ಗೆ 6 ಅಂತ ಹಿಡಿದು ಲೆಕ್ಕ ಹಾಕಿ.

ನಮ್ಮ ದಾರಿಯಲ್ಲಿ ಮಳೆಗಾಲದ ಲೆಕ್ಕವೇ ಬೇರೆ. ನೀರು ನಿಂತ ರಸ್ತೆಯಲ್ಲಿ ಖರ್ಚು ಸ್ವಲ್ಪ ಜಾಸ್ತಿ, ಅದು ದೊಡ್ಡದಲ್ಲ. ದೊಡ್ಡದು ಅಂದರೆ ಶಿರಾಡಿಯೇ ಬಂದ್ ಆಗುವುದು. 2024ರ ಜುಲೈನಲ್ಲಿ ಸಕಲೇಶಪುರದ ಬಳಿ ಗುಡ್ಡ ಕುಸಿದು ವಾಹನಗಳು ಸಿಕ್ಕಿಕೊಂಡದ್ದು ನೆನಪಿರಬಹುದು. ಆಗ ಉಳಿಯುವುದು ಚಾರ್ಮಾಡಿ: ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಆಮೇಲೆ ಇಳಿದು ಉಜಿರೆ, ಗುರುವಾಯನಕೆರೆ, ಉಪ್ಪಿನಂಗಡಿ. ನಲವತ್ತು ಕಿಲೋಮೀಟರ್ ಹೆಚ್ಚು, ಅಂದರೆ ಆರು ಯೂನಿಟ್. ಕೊಟ್ಟಿಗೆಹಾರದಲ್ಲಿ ನೀರುದೋಸೆ ಸಿಗುತ್ತದೆ ಅನ್ನುವುದೊಂದೇ ಲಾಭ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸನದಲ್ಲಿ 75ರ ಬದಲು 90 ತುಂಬಿಸುತ್ತೇನೆ, ಕಾಯುವುದು ಇನ್ನೊಂದು ಕಾಲು ಗಂಟೆ ಆದರೂ ಪರವಾಗಿಲ್ಲ. ಗನ್ ಹಾಕಿದ ಕೂಡಲೇ ಘಾಟಿಯ ಸುದ್ದಿ ವಿಚಾರಿಸುತ್ತೇನೆ, ಯಾಕೆಂದರೆ ಎರಡು ದಾರಿ ಕವಲೊಡೆಯುವುದು ಅಲ್ಲೇ. ಸಕಲೇಶಪುರಕ್ಕೆ ಹೋದ ಮೇಲೆ ಗೊತ್ತಾದರೆ ಅಲ್ಲಿಂದಲೂ ಮೂಡಿಗೆರೆಗೆ ಕಾಫಿ ತೋಟಗಳ ನಡುವೆ ರಸ್ತೆ ಇದೆ, ಆದರೆ ಅದು ಪೂರ್ತಿ ಏರಿಳಿತ. ಆ 90 ಇದ್ದರೆ ಅದಕ್ಕೂ ಸಾಕಾಗುತ್ತದೆ.