ಕ್ರೈಸ್ತ ಪುಸ್ತಕ ಬರೆದಿದ್ದೀರಾ? ಹಸ್ತಪ್ರತಿ ಕಳಿಸುವುದು ಹೀಗೆ

ಕನ್ನಡದಲ್ಲಿ ಕ್ರೈಸ್ತ ಪುಸ್ತಕ ಹೊರತರುವ ಪ್ರಕಾಶನಗಳು ಬಹುತೇಕ ಸಣ್ಣವು. ಒಬ್ಬ ಸಂಪಾದಕ, ಒಬ್ಬ ಡಿಟಿಪಿಯವರು, ಸಂಬಳವಿಲ್ಲದೆ ಓದಿ ಅಭಿಪ್ರಾಯ ಹೇಳುವ ನಾಲ್ಕೈದು ಜನರ ಸಮಿತಿ. ಅಚ್ಚಾಗುವುದು ಐನೂರೋ ಸಾವಿರವೋ ಪ್ರತಿ. ಅಲ್ಲಿಂದ ಹಸ್ತಪ್ರತಿ ವಾಪಸು ಬಂದರೆ, ತಮ್ಮ ಬೋಧನೆ ಅವರಿಗೆ ಹಿಡಿಸಲಿಲ್ಲ ಎಂದು ಬರೆದವರು ಅಂದುಕೊಳ್ಳುತ್ತಾರೆ. ಕಾರಣ ಹೆಚ್ಚಾಗಿ ಬೇರೆಯೇ ಇರುತ್ತದೆ: ಪುಸ್ತಕ ಯಾವ ಸಭೆಯ (ಚರ್ಚಿನ) ಜನರ ಕೈ ಸೇರಬೇಕು ಎಂಬುದು ಹಸ್ತಪ್ರತಿಯಲ್ಲೇ ಇತ್ಯರ್ಥವಾಗಿರುವುದಿಲ್ಲ.

ಮೊದಲು ಓದುಗರನ್ನು ಗೊತ್ತುಮಾಡಿಕೊಳ್ಳಿ

ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಓದುವ ಸತ್ಯವೇದದಲ್ಲಿ (ಬೈಬಲಿನಲ್ಲಿ) ದೇವರ ಹೆಸರು ಯೆಹೋವ, ಅದರೊಳಗಿನ ಒಂದು ಗ್ರಂಥದ ಹೆಸರು ಅಪೊಸ್ತಲರ ಕೃತ್ಯಗಳು. ಕಥೋಲಿಕರ ಅನುವಾದದಲ್ಲಿ ಸರ್ವೇಶ್ವರ, ಪ್ರೇಷಿತರ ಕಾರ್ಯಕಲಾಪಗಳು. ಇವರ ದೀಕ್ಷಾಸ್ನಾನ ಅವರಿಗೆ ಜ್ಞಾನಸ್ನಾನ. ಇವರ ಸಭಾಪಾಲಕರ ಜಾಗದಲ್ಲಿ ಅಲ್ಲಿ ಧರ್ಮಗುರುಗಳು. ಎರಡನ್ನೂ ಬೆರೆಸಿ ಬರೆದರೆ ಪುಸ್ತಕ ಎಲ್ಲರಿಗೂ ಸಲ್ಲುತ್ತದೆ ಎಂಬ ಲೆಕ್ಕ ತಲೆಕೆಳಗಾಗುತ್ತದೆ. ಎರಡೂ ಕಡೆಯವರು ಇದು ನಮ್ಮದಲ್ಲ ಎಂದು ಕೆಳಗಿಡುತ್ತಾರೆ. ಒಂದು ಅನುವಾದವನ್ನು ಆರಿಸಿ ಕೊನೆಯವರೆಗೂ ಅದನ್ನೇ ಹಿಡಿಯಿರಿ. ಮೊಬೈಲ್ ಆ್ಯಪಿನಿಂದ ವಚನ ನಕಲು ಮಾಡುವವರು ಅದು ಯಾವ ಅನುವಾದ ಎಂದು ನೋಡುವುದೇ ಇಲ್ಲ. ಒಂದೇ ಅಧ್ಯಾಯದಲ್ಲಿ ಮೂರು ಅನುವಾದ ಸೇರಿಕೊಳ್ಳುವುದು ಹೀಗೆ.

ಯಾವ ಪ್ರಕಾಶನ ಎಂಬುದೂ ಇದರ ಮೇಲೆಯೇ ನಿಂತಿದೆ. ಅವರ ಇತ್ತೀಚಿನ ಎರಡು ಮೂರು ಪುಸ್ತಕ ಕೊಂಡು ಓದಿ. ಧ್ಯಾನಪುಸ್ತಕ ಮಾತ್ರ ತರುವವರಿಗೆ ಸಭಾ ಇತಿಹಾಸ ಕಳಿಸಿ ಫಲವಿಲ್ಲ.

ಪ್ರಸಂಗಗಳ ಕಟ್ಟು ಪುಸ್ತಕವಲ್ಲ

ಬರುವ ಹಸ್ತಪ್ರತಿಗಳಲ್ಲಿ ಹಲವು ಭಾನುವಾರದ ಪ್ರಸಂಗಗಳನ್ನು, ಅಂದರೆ ಚರ್ಚಿನಲ್ಲಿ ಮಾಡಿದ ಉಪದೇಶಗಳನ್ನು, ಹಾಗೆಯೇ ಬೆರಳಚ್ಚಿಸಿದವು. ಪ್ರಸಂಗದಲ್ಲಿ ಒಂದೇ ಮಾತನ್ನು ಮೂರು ಸಲ ಹೇಳುವುದು ತಪ್ಪಲ್ಲ. ಕೇಳುವವರಿಗೆ ಹಿಂದಿನ ಪುಟ ತಿರುವಿ ನೋಡುವ ಅನುಕೂಲ ಇಲ್ಲವಲ್ಲ. ಅಚ್ಚಿನಲ್ಲಿ ಅದೇ ಬೇಸರ ತರುತ್ತದೆ. ‘ಪ್ರಿಯರೇ’ಗಳನ್ನು ತೆಗೆಯಿರಿ, ಹಬ್ಬದ ದಿನದ ಪ್ರಸ್ತಾಪಗಳನ್ನು ಅಳಿಸಿ, ಒಂದೇ ದೃಷ್ಟಾಂತ ಎರಡು ಅಧ್ಯಾಯಗಳಲ್ಲಿ ಬಂದಿದ್ದರೆ ಒಂದನ್ನು ಕೈಬಿಡಿ. ಹೀಗೆ ಮಾಡಿದರೆ ಇಪ್ಪತ್ತು ಪ್ರಸಂಗ ಹನ್ನೆರಡು ಅಧ್ಯಾಯಕ್ಕೆ ಇಳಿಯಬಹುದು. ಇಳಿಯಲಿ. ಡೆಮಿ 1/8 ಆಕಾರದ ಪುಟಕ್ಕೆ ಸುಮಾರು 220 ಪದ ಹಿಡಿಸುತ್ತದೆ. 128 ಪುಟದ ಪುಸ್ತಕಕ್ಕೆ 26ರಿಂದ 28 ಸಾವಿರ ಪದ ಸಾಕು.

ತಪಸ್ಸು ಕಾಲದ ಧ್ಯಾನ ಬರೆಯುವವರು ನಲವತ್ತು ದಿನಕ್ಕೆ ಬರೆದು ನಿಲ್ಲಿಸುತ್ತಾರೆ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಆರು ಭಾನುವಾರ ಸೇರಿ 46 ದಿನ. ಭಾನುವಾರಗಳಿಗೆ ಧ್ಯಾನ ಬರೆಯುತ್ತೀರೋ ಬಿಡುತ್ತೀರೋ, ಪತ್ರದಲ್ಲೇ ತಿಳಿಸಿ. ಇಂಥ ಪುಸ್ತಕ ಹಿಂದಿನ ವರ್ಷದ ಜೂನ್–ಜುಲೈಗೇ ಪ್ರಕಾಶಕರ ಕೈಯಲ್ಲಿರಬೇಕು. ಡಿಸೆಂಬರಿನಲ್ಲಿ ಬಂದದ್ದು ಇನ್ನೊಂದು ವರ್ಷ ಕಾಯುತ್ತದೆ.

ಕಡತ ಸಿದ್ಧಪಡಿಸುವಾಗ

ಯೂನಿಕೋಡಿನಲ್ಲಿ, 12 ಪಾಯಿಂಟ್ ಅಕ್ಷರ, ಒಂದೂವರೆ ಸಾಲಿನ ಅಂತರ, ಪುಟಸಂಖ್ಯೆ. ಬಣ್ಣ, ಚೌಕಟ್ಟು, ಶಿಲುಬೆಯ ಚಿತ್ರ ಯಾವುದೂ ಬೇಡ. ವರ್ಡ್ ಕಡತದ ಜೊತೆಗೆ ಪಿಡಿಎಫ್ ಕಳಿಸಿ; ಅಕ್ಷರ ಕೆಟ್ಟರೆ ತಾಳೆ ನೋಡಲು ಅದು ಬೇಕು.

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದು ಪರಿವರ್ತಕದಲ್ಲಿ ಹಾಕಿದವರು ಇಡೀ ಕಡತವನ್ನು ಮತ್ತೊಮ್ಮೆ ಓದಲೇಬೇಕು. ಆ ಫಾಂಟುಗಳಲ್ಲಿ ಅರ್ಕಾವತ್ತು ಮುಂದಿನ ಅಕ್ಷರ ಮುಗಿದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಅದರ ಮುಂಚೆ. ಪರಿವರ್ತಕ ಅದನ್ನು ಸರಿಯಾಗಿ ಜರುಗಿಸದಿದ್ದರೆ ‘ಕರ್ತನು’ ಹೋಗಿ ‘ಕತರ್ನು’, ‘ಧರ್ಮ’ ಹೋಗಿ ‘ಧಮರ್’, ‘ಪ್ರಾರ್ಥನೆ’ ಹೋಗಿ ‘ಪ್ರಾಥರ್ನೆ’ ಉಳಿಯುತ್ತದೆ. ಕ್ರೈಸ್ತ ಪುಸ್ತಕದಲ್ಲಿ ಈ ಮೂರು ಪದ ಇಲ್ಲದ ಪುಟ ಹುಡುಕುವುದೇ ಕಷ್ಟ! ‘ರ್’ ಇರುವ ಪದಗಳನ್ನು ಒಂದೊಂದಾಗಿ ಹುಡುಕಿ ತಿದ್ದಿ.

ಲಕೋಟೆಯಲ್ಲಿ ಅಥವಾ ಇಮೇಲ್‌ನಲ್ಲಿ ಇರಬೇಕಾದ್ದು: ಒಂದು ಪುಟದ ಪತ್ರ, ಒಂದು ಪುಟದ ಸಾರಾಂಶ, ಅಧ್ಯಾಯಗಳ ಪಟ್ಟಿ, ಎರಡು ಮಾದರಿ ಅಧ್ಯಾಯ, ನೂರು ಪದದೊಳಗೆ ನಿಮ್ಮ ಪರಿಚಯ. ಪೂರ್ತಿ ಹಸ್ತಪ್ರತಿ ಅವರು ಕೇಳಿದ ಮೇಲೆ. ವಾಟ್ಸ್ಆ್ಯಪ್‌ನಲ್ಲಿ ತುಂಡುತುಂಡಾಗಿ ಕಳಿಸಿದ್ದನ್ನು ಯಾರೂ ಜೋಡಿಸಿಕೊಳ್ಳುವುದಿಲ್ಲ. ಬಿಷಪರ ಸಂದೇಶ, ಮುನ್ನುಡಿ, ಹಾರೈಕೆಗಳನ್ನು ಮೊದಲೇ ಸಂಗ್ರಹಿಸಬೇಡಿ. ಪುಸ್ತಕ ಬರುವಷ್ಟರಲ್ಲಿ ಬರೆದುಕೊಟ್ಟವರಿಗೆ ವರ್ಗವಾಗಿರುತ್ತದೆ, ನಿವೃತ್ತಿಯೂ ಆಗಿರಬಹುದು.

ಅನುಮತಿಗಳು

ಸತ್ಯವೇದದ ಪಠ್ಯದ ಹಕ್ಕು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಬೈಬಲ್ ಸೊಸೈಟಿ ಆಫ್ ಇಂಡಿಯಾದ್ದು. ಉದ್ಧರಿಸಿದ ವಚನಗಳನ್ನು ಎಣಿಸಿ ಪಟ್ಟಿ ಮಾಡಿಟ್ಟರೆ ಅನುಮತಿ ಕೇಳುವುದು ಸುಲಭ. ಹಾಡುಗಳ ವಿಷಯದಲ್ಲಿ ಬರೆದವರು ತೀರಿಕೊಂಡ ವರ್ಷ ನೋಡಿ. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ. 1903ರಲ್ಲಿ ತೀರಿಕೊಂಡ ಕಿಟೆಲರ ಪದ್ಯಕ್ಕೆ ಯಾರನ್ನೂ ಕೇಳಬೇಕಿಲ್ಲ. ಹತ್ತು ವರ್ಷದ ಹಿಂದಿನ ಆರಾಧನಾ ಗೀತೆಗೆ ಕೇಳಲೇಬೇಕು. ಇಂಗ್ಲಿಷ್ ಪುಸ್ತಕ ಅನುವಾದಿಸುವುದಾದರೆ ಮೂಲ ಹಕ್ಕುದಾರರ ಪತ್ರ ಮೊದಲು, ಕೆಲಸ ಆಮೇಲೆ.

ಕಥೋಲಿಕರಿಗೆ ಇನ್ನೊಂದು ಹಂತವಿದೆ. 1983ರ ಧರ್ಮಸಭಾ ಕಾನೂನಿನ ಪ್ರಕಾರ ಪ್ರಾರ್ಥನಾ ಪುಸ್ತಕಕ್ಕೂ ಧರ್ಮೋಪದೇಶದ ಪಠ್ಯಕ್ಕೂ ಬಿಷಪರ ಒಪ್ಪಿಗೆ ಕಡ್ಡಾಯ. ಸನ್ಯಾಸ ಸಭೆಗೆ ಸೇರಿದವರು ಧರ್ಮ, ನೀತಿ ಕುರಿತು ಬರೆದರೆ ತಮ್ಮ ಮೇಲಧಿಕಾರಿಯ ಅನುಮತಿಯನ್ನೂ ಪಡೆಯಬೇಕು. ಬಿಷಪರ ಪರವಾಗಿ ಪರಿಶೀಲಕರು ಓದಲು ಸಮಯ ಹಿಡಿಯುತ್ತದೆ. ಅಂತಿಮ ಪಠ್ಯವನ್ನೇ ಕೊಡಿ. ಒಪ್ಪಿಗೆಯ ನಂತರ ತಿದ್ದಿದರೆ ಮತ್ತೆ ಮೊದಲಿಂದ.

ಒಪ್ಪಂದ, ಹಣ

ಉತ್ತರಕ್ಕೆ ಮೂರು ತಿಂಗಳು ಕಾಯಿರಿ, ಆಮೇಲೆ ಒಂದು ಸಾಲಿನ ಪತ್ರ ಹಾಕಿ. ಒಪ್ಪಿಗೆಯಾದರೆ ‘ನಮ್ಮವರೇ ತಾನೆ’ ಎಂದು ಬಾಯಿಮಾತಿಗೆ ಬಿಡಬೇಡಿ. ಕಾನೂನಿನಲ್ಲಿ ಹಕ್ಕಿನ ವರ್ಗಾವಣೆ ಬರಹದಲ್ಲಿದ್ದರಷ್ಟೇ ಊರ್ಜಿತ. ಅವಧಿ ಬರೆಯದಿದ್ದರೆ ಅದು ಐದು ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಅರ್ಥ. ಮರುಮುದ್ರಣ, ಇ–ಪುಸ್ತಕ, ಅನುವಾದ ಯಾರ ಹಕ್ಕು ಎಂಬುದನ್ನೂ ಬರೆಸಿ.

ಸಣ್ಣ ಪ್ರಕಾಶನಗಳು ಲೇಖಕರಿಗೆ ನೂರಿನ್ನೂರು ಪ್ರತಿ ಕೊಳ್ಳಲು ಹೇಳುವುದುಂಟು. ಅದು ಮೋಸವೇನಲ್ಲ, ಎಷ್ಟು ಪ್ರತಿ, ಯಾವ ರಿಯಾಯಿತಿ, ಯಾವಾಗ ಹಣ ಎಂಬುದು ಕಾಗದದಲ್ಲಿರಲಿ. ಹಸ್ತಪ್ರತಿ ಓದುವ ಮೊದಲೇ ಹಣ ಕೇಳುವವರಿಂದ ಮಾತ್ರ ದೂರವಿರಿ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಗೆ ನೀವು ಅರ್ಜಿ ಹಾಕಬೇಡಿ. ಅದು ಪ್ರಕಾಶಕರ ಕೆಲಸ, ಶುಲ್ಕವೂ ಇಲ್ಲ.

ಪ್ರೂಫ್ ಬಂದಾಗ ವಚನಗಳ ಅಂಕಿಗಳನ್ನು ಇನ್ನೊಬ್ಬರಿಂದ ಸತ್ಯವೇದ ತೆರೆದಿಟ್ಟು ತಾಳೆ ನೋಡಿಸಿ. ಬರೆದವರ ಕಣ್ಣಿಗೆ 5:13 ಮತ್ತು 5:31 ಒಂದೇ ಆಗಿ ಕಾಣುತ್ತವೆ. ತಪ್ಪು ತಿದ್ದಿ, ಹೊಸ ಪ್ಯಾರಾ ಸೇರಿಸಬೇಡಿ. ಪುಸ್ತಕ ಅಚ್ಚಾಗುವುದು 16 ಪುಟದ ಫಾರ್ಮುಗಳಲ್ಲಿ. 128ಕ್ಕೆ ಕೂತಿದ್ದ ಪುಸ್ತಕ ಒಂದು ಪ್ಯಾರಾದಿಂದ 129ನೇ ಪುಟಕ್ಕೆ ಹೊರಳಿದರೆ ಇನ್ನೊಂದು ಫಾರ್ಮಿನ ಖರ್ಚು ಬೀಳುತ್ತದೆ, ಬೆಲೆಯನ್ನು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ.